ಎಲೆ ಎಣಿಸುವವಳು

ಉಣಬಂದವರು ಎಲೆ ಎಣಿಸಬಾರದು ಎನ್ನುತ್ತಾರೆ.
ನನಗೆ ಎಣಿಸುವುದೇ ಕೂಳು.
ವಸಯಿಯ ತೋಟದಿಂದ ಮೊದಲ ಲೋಕಲಿನ ಲಗೇಜು ಡಬ್ಬಿಯಲ್ಲಿ
ಇಬ್ಬನಿ ಆರದ ಕಟ್ಟು ದಾದರಿನಲ್ಲಿ ಇಳಿಯುತ್ತದೆ.
ಕುಡಿ ಎಲೆ ಬೇರೆ, ನಡುಸೀಳು ಬೇರೆ,
ಹರಿದದ್ದಕ್ಕೆ ಅರ್ಧ ರೇಟು.
ಮಾವನ ಸೊಂಟ ಹೋದಮೇಲೆ ಬುಟ್ಟಿ ನನ್ನ ತಲೆಗೆ ಬಂತು,
ಜೊತೆಗೊಂದು ನೋಟುಬುಕ್ಕು. ಅದರಲ್ಲಿ ಮನುಷ್ಯರಿಲ್ಲ, ಹೀಗೆ:
ಪಾರ್ಸಿ ಕಾಲನಿ, ಮೀನಿಗೆ, ಮೂವತ್ತು, ಅಗಲದ್ದು.

ಪೇರಿನ್‌ಬಾಯಿ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ
ಸೀರೆ ಕೊಳ್ಳುವವಳ ಹಾಗೆ.
ಒಲೆಯ ಮೇಲೆ ಒಮ್ಮೆ ಎಳೆದರೆ ಎಲೆಯ ಹಟ ಇಳಿಯುತ್ತದೆ;
ಚಟ್ನಿ ಮೆತ್ತಿಕೊಂಡ ಪಾಪ್ಲೆಟ್
ಬಟ್ಟೆ ಸುತ್ತಿದ ಕೂಸಿನಂತೆ ಒಳಗೆ, ಮೇಲೆ ನೂಲಿನ ಗಂಟು.
ಕೊತ್ತಂಬರಿ ಸಾಲದು ಎಂದು ಮೂಗಿಗೇ ಗೊತ್ತಾಗುತ್ತದೆ.
ಹೇಳುವುದಿಲ್ಲ. ವ್ಯಾಪಾರ.

ಭುಲೇಶ್ವರದ ಮೂರನೇ ಮಾಳಿಗೆಯಲ್ಲಿ ಮಧುಕಾಂತಾಬೆನ್
ಎರಡೆಲೆಯ ನಡುವೆ ಹಿಟ್ಟು ಸವರಿ ಪಾನ್ಕಿ ಬೇಯಿಸುತ್ತಾಳೆ.
ಬಿಡಿಸಿದರೆ ಎಲೆಯ ನರವೆಲ್ಲ ಅದರ ಮೈಮೇಲೆ ಅಚ್ಚು.
ತಿನ್ನುವವರು ನನ್ನ ಸರಕನ್ನು
ಓದಿಕೊಂಡೇ ನುಂಗುತ್ತಾರೆ.

ಖೋತಾಚಿವಾಡಿಗೆ ಮೇ ತಿಂಗಳಲ್ಲಿ ಹೋದರೆ ಓಣಿಗೆ ಓಣಿಯೇ ಸೀನುತ್ತಿರುತ್ತದೆ.
ವರ್ಷದ ಖಾರ ಕುಟ್ಟಿ ಬಿಯರ್ ಬಾಟಲಿಗೆ ತುಂಬುವ ಅಪೊಲೀನಾ
ಮಸಾಲೆಗೆ ಇಪ್ಪತ್ತೇಳು ಹೆಸರು ಹೇಳಿ
ಇಪ್ಪತ್ತೆಂಟನೆಯದಕ್ಕೆ ಬಾಯಿಗೂ ಬಿರಡೆ ಜಡಿಯುತ್ತಾಳೆ.

ಬೋಹ್ರಿ ಮೊಹಲ್ಲಾದಲ್ಲಿ ನನಗೆ ಗಿರಾಕಿಯೇ ಇಲ್ಲ.
ಎಂಟು ಜನಕ್ಕೆ ಒಂದೇ ಥಾಲ, ಎಲ್ಲರ ಬೆರಳೂ ಅದರಲ್ಲೇ.
"ಇಲ್ಲಿ ನಿನಗೇನು ಧಂದೆ ಬೇಟಿ" ಎಂದು ನಕ್ಕ ತಾಹೆರ್‌ಭಾಯಿ
ಊಟದ ಮೊದಲಿಗೆ ಹಂಚುವ ಉಪ್ಪನ್ನು
ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿದ.
ಉಪ್ಪು ತಿಂದಾಯಿತಲ್ಲ.
ಸುತ್ತಾದರೂ ಈಗ ಆ ದಾರಿಯಲ್ಲೇ ಹೋಗುತ್ತೇನೆ.

ಮಾಟುಂಗದಲ್ಲಿ ನಮ್ಮವರ ಮದುವೆಗೆ ನಾನೂರು ಎಲೆ.
ಎಲೆ ಮುಂಬಾಗಿಲಿಂದ ಒಳಗೆ ಹೋಗಿ
ಕುಡಿ ಎಡಕ್ಕೆ ಮಾಡಿ ಮಲಗುತ್ತದೆ.
ನಾನು ಹಿಂದಿನ ನಲ್ಲಿಯ ಹತ್ತಿರ.
ಕೊನೆ ಪಂಕ್ತಿಗೆ ಕೂತ್ಕೋ ಎನ್ನುತ್ತಾರೆ,
ಆಗ ಪಾಯಸ ತಳ ಹಿಡಿದಿರುತ್ತದೆ.
'ನಮ್ಮವರು' ಎಂಬುದನ್ನು ಮಾವ
ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಾನೆ.

ಇಸ್ರೇಲ್ ಮೊಹಲ್ಲಾ, ಹತ್ತು, ಕುಡಿ.
ಮಸೀದಿ ಸ್ಟೇಷನ್ನಿನ ಆಚೆ, ಮರದ ಮೆಟ್ಟಿಲು, ಸೆಗುಲಾಬಾಯಿ ದಿವೇಕರ್.
ಮೊಮ್ಮಗನ ಜ್ವರ ಇಳಿದಿದ್ದಕ್ಕೆ ಹರಕೆ.
ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಬಂದವರು ಏಳು.
ಟೋಪಿ ಸರಿಮಾಡಿಕೊಳ್ಳುತ್ತ ಕಿಟಕಿಯಿಂದ ಓಣಿ ನೋಡಿದರು,
ಆಮೇಲೆ ಇದ್ದಷ್ಟರಲ್ಲೇ ಶುರುಮಾಡಿದರು.
"ಕೂತ್ಕೋ" ಎಂದಳು ಮರಾಠಿಯಲ್ಲಿ.
"ಪ್ರಾರ್ಥನೆಗೆ ನಿನ್ನನ್ನು ಎಣಿಸುವುದಿಲ್ಲ, ನನ್ನನ್ನೂ ಇಲ್ಲ.
ಊಟಕ್ಕೆ ಎಣಿಸುತ್ತೇವೆ."

ಬಡಿಸಿದ್ದು ಮಲೀದಾ: ನೆನೆದ ಅವಲಕ್ಕಿ, ಕಾಯಿತುರಿ,
ಸಕ್ಕರೆ, ಏಲಕ್ಕಿ, ಹೆಚ್ಚಿದ ಖರ್ಜೂರ.
ಇದು ನಮ್ಮಜ್ಜಿಯ ಪಂಚಕಜ್ಜಾಯ ಎಂದೆ.
ಎಲಿಯಾಹು ಪ್ರವಾದಿಯದು ಎಂದಳು.
ಇಬ್ಬರೂ ಬಿಟ್ಟುಕೊಡಲಿಲ್ಲ.
ಇನ್ನೊಂದು ಮುಷ್ಟಿ ಹಾಕಿದಳು.

ನಾನು ಕೂತಿದ್ದು ಹರಿದ ಎಲೆಗೆ.
ಬೆಳಿಗ್ಗೆ ಕಂಡಿದ್ದೆ, ಕಟ್ಟಿನ ನಡುವೆ ಅಡಗಿಸಿ
ಪೂರಾ ರೇಟು ಹಿಡಿದಿದ್ದೆ.
ಬೆಲ್ಲದಂಥ ಹಾಲು ಸೀಳಿನಿಂದ ಸೋರಿ ನೆಲ ಮುಟ್ಟಿತು.
ಅವಳು ನೋಡಿದಳೋ ಇಲ್ಲವೋ.

ಏಳು, ಅವಳು, ನಾನು. ಒಂದು ಉಳಿಯಿತು.
"ಬರುವವನಿಗೆ" ಎಂದಳು,
ಗೋಡೆಯ ಮೇಲಿನ ಬೆಂಕಿರಥದ ಚಿತ್ರದ ಕಡೆ ತಿರುಗದೆ.

ಉಂಡೆದ್ದು ಎಲೆ ಮಡಚುವಾಗ ಕೈ ತಡೆಯಿತು:
ಮದುವೆಗೆ ಒಂದು ಕಡೆ, ತಿಥಿಗೆ ಇನ್ನೊಂದು.
ಇಲ್ಲಿ ಯಾವ ಕಡೆ?
"ಮಡಚಬೇಡ, ಕೆಳಗೆ ಆಡಿದೆ" ಎಂದಳು.
ಮೆಟ್ಟಿಲ ಬುಡದಲ್ಲಿ ಹಾಕಿದೆ.
ಕುಡಿ ಎಡಕ್ಕೋ ಬಲಕ್ಕೋ ಅದು ಕೇಳಲಿಲ್ಲ,
ಹರಿದ ಕಡೆಯಿಂದಲೇ ಶುರುಮಾಡಿತು.